ಹಂತ ಜಾಸ್ತಿ ಮಾಡಿದರೂ ವೋಲ್ಟೇಜ್ ಏರುತ್ತಿಲ್ಲ, ಯಾಕೆ?

ಪ್ರಶ್ನೆ: 10 ಹಂತದ ಕಾಕ್‌ಕ್ರಾಫ್ಟ್-ವಾಲ್ಟನ್ ಮಲ್ಟಿಪ್ಲೈಯರ್ (ಡಯೋಡ್, ಕೆಪಾಸಿಟರ್‌ಗಳ ಸಾಲಿನಿಂದ ಎಸಿ ವೋಲ್ಟೇಜನ್ನು ಹಂತಹಂತವಾಗಿ ಏರಿಸಿ ಡಿಸಿ ಕೊಡುವ ಸರ್ಕ್ಯೂಟ್) ಕಟ್ಟಿದ್ದೇನೆ. ಇನ್‌ಪುಟ್ 1000 ವೋಲ್ಟ್ ಪೀಕ್, 50 ಹರ್ಟ್ಜ್. ಕೆಪಾಸಿಟರ್‌ಗಳು 10 ನ್ಯಾನೋಫ್ಯಾರಡ್. 20,000 ವೋಲ್ಟ್ ಬರಬೇಕಿತ್ತು, ಅರ್ಧವೂ ಇಲ್ಲ. ಇನ್ನೆರಡು ಹಂತ ಸೇರಿಸಲಾ?

ಬೇಡ. ಸೇರಿಸಿದರೆ ಇನ್ನೂ ಇಳಿಯುತ್ತದೆ.

20,000 ಅನ್ನೋದು ಲೋಡ್ ಇಲ್ಲದಾಗಿನ, ಅಂದರೆ ಔಟ್‌ಪುಟ್‌ನಿಂದ ಯಾವುದೂ ಕರೆಂಟ್ ಎಳೆಯದಾಗಿನ ಲೆಕ್ಕ. ಕರೆಂಟ್ ಎಳೆದಾಗ ಮೇಲಿನ ಹಂತಕ್ಕೆ ಬೇಕಾದ ಚಾರ್ಜ್ ಕೆಳಗಿನ ಹಂತಗಳನ್ನೆಲ್ಲ ದಾಟಿಯೇ ಹೋಗಬೇಕು, ಅಲ್ವಾ? ಅದಕ್ಕೇ ಕುಸಿತ ಹೆಚ್ಚುಕಡಿಮೆ ಹಂತದ ಸಂಖ್ಯೆಯ ಘನದಂತೆ ಬೆಳೆಯುತ್ತದೆ. ಗಳಿಕೆ ಮಾತ್ರ ಹಂತಕ್ಕೆ 2000 ವೋಲ್ಟ್ ಅಷ್ಟೇ.

ನಿಮ್ಮ ಸರ್ಕ್ಯೂಟ್‌ನಿಂದ ಬರೀ 10 ಮೈಕ್ರೋಆಂಪ್ ಎಳೆದರೂ ಸುಮಾರು 14,300 ವೋಲ್ಟ್ ಕುಸಿದು 5,700 ಉಳಿಯುತ್ತದೆ. ಅದೇ ಲೋಡ್‌ಗೆ 7 ಹಂತ ಇದ್ದರೆ ಸುಮಾರು 9,000 ಸಿಗುತ್ತದೆ. 5 ಹಂತಕ್ಕೂ 8,100 ಬರುತ್ತದೆ!

ಅಷ್ಟು ಕರೆಂಟ್ ಯಾರು ಎಳೀತಾರೆ ಅಂದಿರಾ? ವೋಲ್ಟೇಜ್ ಅಳೆಯಲು ತಾಗಿಸುವ ನಿಮ್ಮ ಪ್ರೋಬೇ ಇರಬಹುದು. 1 ಗಿಗಾಓಮ್‌ನ ಹೈವೋಲ್ಟೇಜ್ ಪ್ರೋಬ್ 20,000 ವೋಲ್ಟ್‌ನಲ್ಲಿ 20 ಮೈಕ್ರೋಆಂಪ್ ಕುಡಿಯುತ್ತದೆ. ಸಾಮಾನ್ಯ ಮಲ್ಟಿಮೀಟರನ್ನು ಅಲ್ಲಿ ಇಡಲೇಬೇಡಿ. ಅದು ಸುಟ್ಟು ಹೋಗುವುದಲ್ಲದೆ ನಿಮಗೂ ಅಪಾಯ.

ನಿಜವಾದ ಪರಿಹಾರ ಫ್ರೀಕ್ವೆನ್ಸಿ. 20 ಕಿಲೋಹರ್ಟ್ಜ್‌ಗೆ ಹೋದರೆ ಅದೇ 14,300 ವೋಲ್ಟ್‌ನ ಕುಸಿತ ಲೆಕ್ಕದಲ್ಲಿ 36 ವೋಲ್ಟ್‌ಗೆ ಇಳಿಯುತ್ತದೆ. ಆದರೆ ಆಗ 1ಎನ್4007 ಡಯೋಡ್ ನಡೆಯಲ್ಲ, ಅದು ಆಫ್ ಆಗುವುದು ತುಂಬಾ ನಿಧಾನ. ಯುಎಫ್4007 ತರಹದ ಫಾಸ್ಟ್ ಡಯೋಡ್ ಬೇಕು. ಪ್ರತಿ ಡಯೋಡ್ ಜಾಗದಲ್ಲೂ 2000 ವೋಲ್ಟ್ ಉಲ್ಟಾ ಬೀಳುತ್ತದೆ, ಇವುಗಳ ರೇಟಿಂಗ್ 1000. ಸರಣಿಯಲ್ಲಿ ಮೂರಾದರೂ ಹಾಕಿ. ಮೊದಲನೆಯದು ಬಿಟ್ಟು ಉಳಿದ ಕೆಪಾಸಿಟರ್‌ಗಳ ಮೇಲೂ 2000 ಇರುತ್ತದೆ.

ಇಷ್ಟಾದರೂ ಕಡಿಮೆ ಬಂದರೆ ಕತ್ತಲಲ್ಲಿ ದೂರದಿಂದ ನೋಡಿ. ಚೂಪಾದ ಬೆಸುಗೆಯ ತುದಿಯಲ್ಲಿ ನೇರಳೆ ಮಿಣುಕು ಕಂಡರೆ ಕರೆಂಟ್ ಗಾಳಿಗೆ ಸೋರುತ್ತಿದೆ. ಬೆಸುಗೆಯನ್ನು ಗುಂಡಗೆ ಮಾಡಿ, ಫ್ಲಕ್ಸ್ ಒರೆಸಿ. ಕೆಟ್ಟ ಹಂತ ಹುಡುಕಲು, ಅದೇ 20 ಕಿಲೋಹರ್ಟ್ಜ್‌ನಲ್ಲಿ ಬರೀ 10 ವೋಲ್ಟ್ ಪೀಕ್ ಕೊಟ್ಟು ಒಂದೊಂದೇ ಕೆಪಾಸಿಟರ್ ಅಳೆಯಿರಿ. ಮೊದಲನೆಯದು ಬಿಟ್ಟರೆ ಎಲ್ಲದರಲ್ಲೂ 20ರ ಹತ್ತಿರ ಇರಬೇಕು.

ಮುಟ್ಟುವ ಮೊದಲು ಪವರ್ ತೆಗೆದು, ಉದ್ದದ ಇನ್ಸುಲೇಟೆಡ್ ಕೋಲಿಗೆ ಹೈವೋಲ್ಟೇಜ್ ರೆಸಿಸ್ಟರ್ ಕಟ್ಟಿ ಪ್ರತಿಯೊಂದು ಕೆಪಾಸಿಟರನ್ನೂ ಖಾಲಿ ಮಾಡಿ. ಔಟ್‌ಪುಟ್ ಒಂದನ್ನೇ ಶಾರ್ಟ್ ಮಾಡಿದರೆ ಸಾಲದು. ಖಾಲಿಯಾದದ್ದರಲ್ಲೂ ಸ್ವಲ್ಪ ಹೊತ್ತಿಗೆ ಚಾರ್ಜ್ ಮರಳಿ ಬರಬಹುದು. ಅದಕ್ಕೇ ಖಾಲಿ ಮಾಡಿದ ಮೇಲೆ ಪ್ರತಿ ಕೆಪಾಸಿಟರ್‌ನ ಎರಡು ತುದಿ ಸೇರಿಸುವ ಶಾರ್ಟಿಂಗ್ ವೈರ್ ಹಾಕಿ, ಕೆಲಸ ಮುಗಿಯುವವರೆಗೂ ಅದು ಹಾಗೇ ಇರಲಿ.