ತಲೆಬುರುಡೆಯ ಬೋರ್ಡು ಬೇಡ ಅನ್ನುವುದು ಯಾಕೆ

ಜೂನ್ ಬಂತೆಂದರೆ, ಚಟ ಬಿಡಿಸುವ ಕೆಲಸದಲ್ಲಿರುವ ನನ್ನ ಫೋನಿಗೆ ಬಿಡುವಿಲ್ಲ. 26ಕ್ಕೆ ಮಾದಕ ವಸ್ತು ವಿರೋಧಿ ದಿನ. ‘ಮೇಡಂ, ಜಾಥಾ ಇಟ್ಕೊಂಡಿದ್ದೇವೆ. ಅರ್ಧ ಗಂಟೆ ಮಾತಾಡಿ. ಮಕ್ಕಳು ಹೆದರಬೇಕು, ಹಾಗೆ ಹೇಳಿ’ ಎಂದು ಯುವಕ ಸಂಘದವರು ಕರೆಯುತ್ತಾರೆ.

ಕಾರವಾರದ ಜೂನ್ ಮಳೆ ಗೊತ್ತಲ್ಲ. ಏಳನೇ ಕ್ಲಾಸಿನ ಮಕ್ಕಳು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ತಲೆಬುರುಡೆಯ ಬೋರ್ಡು ಹಿಡಿದು ನಡೆಯುತ್ತಾರೆ. ಬಣ್ಣ ಕರಗಿ ಯೂನಿಫಾರ್ಮಿಗೆ ಇಳಿದಿರುತ್ತದೆ. ಅವರನ್ನು ನೋಡಿದರೆ ಪ್ರೀತಿ ಉಕ್ಕುತ್ತದೆ. ಆದರೆ ನಾನು ಮಾತಾಡಬೇಕಾದ ಹುಡುಗರು ಆಗ ಬೈತಖೋಲ ಬಂದರಿನಲ್ಲಿರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಕೈಯಲ್ಲಿ ಕಾಸಿಲ್ಲ, ಹೊತ್ತು ಮಾತ್ರ ಬೇಕಾದಷ್ಟು.

ಈ ದಿನವನ್ನು ಗೊತ್ತು ಮಾಡಿದ್ದು ವಿಶ್ವಸಂಸ್ಥೆ, 1987ರಲ್ಲಿ. ವಿಯೆನ್ನಾದಲ್ಲಿರುವ ಅದರದೇ ಮಾದಕ ವಸ್ತು ಮತ್ತು ಅಪರಾಧ ಕಚೇರಿ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ 2018ರಲ್ಲಿ ಮಾದಕ ವಸ್ತು ಬಳಕೆ ತಡೆಯುವ ಕಾರ್ಯಕ್ರಮಗಳ ಮಾನದಂಡಗಳನ್ನು ಪರಿಷ್ಕರಿಸಿತು. ಶಾಲೆಯಲ್ಲಿ ಬರೀ ಭಾಷಣ ಮಾಡುವುದು, ಹೆದರಿಸುವುದು, ಚಟ ಬಿಟ್ಟವರನ್ನು ವೇದಿಕೆ ಹತ್ತಿಸಿ ಕತೆ ಹೇಳಿಸುವುದು, ಇವುಗಳಿಂದ ಉಪಯೋಗವಿಲ್ಲ, ಕೆಲವು ಸಲ ಕೆಡುಕೂ ಆಗಬಹುದು ಎಂದು ಅದರಲ್ಲಿದೆ. ನಾನು ಜಾಥಾ ಬೇಡ ಅನ್ನುತ್ತಿಲ್ಲ. ಹೆದರಿಸುವುದು ಬೇಡ ಅನ್ನುತ್ತಿದ್ದೇನೆ. ಇದನ್ನೇ ಪ್ರತಿ ವರ್ಷ ಹೇಳುತ್ತೇನೆ.

ಯಾಕೆ ಅಂದರೆ, ಹುಡುಗ ಬೋರ್ಡು ನೋಡುತ್ತಾನೆ. ಆಮೇಲೆ ಗಾಂಜಾ ಸೇದುವ ತನ್ನ ಚಿಕ್ಕಪ್ಪನ ಮಗನನ್ನು ನೋಡುತ್ತಾನೆ. ಅವನು ಸತ್ತಿಲ್ಲ, ಸಂಜೆ ಕ್ರಿಕೆಟ್ ಆಡುತ್ತಿದ್ದಾನೆ. ಇವರು ಸುಮ್ನೆ ಹೇಳ್ತಾರೆ ಅಂದುಕೊಳ್ಳುತ್ತಾನೆ. ನಾವು ಹೇಳುವ ನಿಜವನ್ನೂ ಆಮೇಲೆ ನಂಬುವುದಿಲ್ಲ. ಈಗಾಗಲೇ ಶುರು ಮಾಡಿದವನು ಇನ್ನೂ ಜಾಸ್ತಿ ಬಚ್ಚಿಡುತ್ತಾನೆ. ಅವನ ಅಮ್ಮನೂ ಬಚ್ಚಿಡುತ್ತಾಳೆ.

ಹೋದ ಮಳೆಗಾಲದಲ್ಲಿ ಒಬ್ಬ ತಾಯಿ ಚಟಕ್ಕೆ ಬಿದ್ದ ಮಗನ ವಿಷಯ ಹೇಳಲು ನನ್ನ ಹತ್ತಿರ ಬಂದರು. ಸೆರಗಿನ ತುದಿ ಹಿಂಡುತ್ತಾ ಕೂತಿದ್ದರು, ನೀರು ಪೂರ್ತಿ ಹೋದ ಮೇಲೂ ಹಿಂಡುತ್ತಿದ್ದರು. ‘ಎರಡು ವರ್ಷದಿಂದ ಗೊತ್ತಿತ್ತು ಅಕ್ಕಾ. ಆಸ್ಪತ್ರೆಗೆ ಕರ್ಕೊಂಡು ಬಂದರೆ ಪೊಲೀಸರು ಹಿಡೀತಾರೆ ಅಂತ ಜನ ಅಂದರು.’

ಆ ಎರಡು ವರ್ಷ ನನಗೆ ಹೊಟ್ಟೆ ಉರಿಸುತ್ತದೆ. ಮಾದಕ ವಸ್ತುಗಳ ಕುರಿತಾದ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಕಲಂ ಇದೆ. ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣದಲ್ಲಿ ಅವನಿಗೆ ರಕ್ಷಣೆ ಇದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ನಾನು ವಕೀಲಳಲ್ಲ. ಕೇಸ್ ಆಗಿದ್ದರೆ ವಕೀಲರನ್ನು ಕೇಳಲೇಬೇಕು. ಆದರೆ ಚಿಕಿತ್ಸೆಗೆ ಬರಲು ಹೆದರಬೇಡಿ. ಮೊದಲು ಮಾತಾಡಿ ನೋಡಬೇಕು ಅನ್ನಿಸಿದರೆ ಚಟ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಾಗಿಲ್ಲ.

ಆ ಹುಡುಗನನ್ನು ಉಳಿಸಿದ್ದರಲ್ಲಿ ನನ್ನ ಪಾಲು ಕಡಿಮೆ. ಅವನ ಬೋಟು ನಡೆಸುವ ತಾಂಡೇಲ ಆಗಸ್ಟ್‌ನಲ್ಲಿ ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡರು. ‘ಆಸ್ಪತ್ರೆ ದಿನ ನೀನು ದಡದಲ್ಲೇ ಇರು, ನಿನ್ನ ಪಾಲು ಕಡಿಯುವುದಿಲ್ಲ’ ಅಂದರು. ಸಂಘದವರಿಂದ ನಾನು ಬಯಸುವುದು ಇಂಥದ್ದನ್ನೇ.

ಈ ಸಲ ಕರೆದವರಿಗೆ ಒಂದು ಕೇಳಿದ್ದೇನೆ. ಬಂದ್ ಇರುವಾಗ ಆರು ಗುರುವಾರ ಬಲೆ ರಿಪೇರಿ ಮಾಡುವ ಶೆಡ್ಡಿಗೆ ನನ್ನ ಜೊತೆ ಬನ್ನಿ. ಬ್ಯಾನರ್ ಬೇಡ, ಮೈಕ್ ಬೇಡ. ಚಹಾದ ಫ್ಲಾಸ್ಕ್ ಒಂದು ತನ್ನಿ, ಸಾಕು. ಇಬ್ಬರು ಒಪ್ಪಿದ್ದಾರೆ.