ಹೆಬ್ಬೆರಳು ಎಣಿಸಿದ ನೋವು: ಫೈಬ್ರೊಮಯಾಲ್ಜಿಯ ಯಾರ ಕಾಯಿಲೆ?

ತಿಂಗಳುಗಟ್ಟಲೆ ಮೈಯೆಲ್ಲ ನೋಯುವ, ಸುಸ್ತೂ ಕಾಡುವ ಫೈಬ್ರೊಮಯಾಲ್ಜಿಯ ಹೆಂಗಸರ ಕಾಯಿಲೆ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಉಳಿದರ್ಧ ಅಳತೆಗೋಲಿನ ಕರಾಮತ್ತು.

1904ರಲ್ಲಿ ಬ್ರಿಟನ್ನಿನ ನರವೈದ್ಯ ವಿಲಿಯಂ ಗವರ್ಸ್ ಸೊಂಟನೋವಿನ ಉಪನ್ಯಾಸವೊಂದರಲ್ಲಿ ‘ಫೈಬ್ರೊಸೈಟಿಸ್’ ಎಂಬ ಪದ ಬಳಸಿದರು. ಸ್ನಾಯುಗಳ ನಾರಿನಲ್ಲಿ ಉರಿಯೂತವಿದೆ ಎಂಬುದು ಅವರ ಊಹೆ. ಆ ಉರಿಯೂತ ಮಾತ್ರ ಯಾರ ಕೈಗೂ ಸಿಗಲಿಲ್ಲ. 1970ರ ದಶಕದಲ್ಲಿ ಹೆಸರಿನಿಂದ ಉರಿಯೂತ ಸೂಚಿಸುವ ಬಾಲ ಕತ್ತರಿಸಿ, ನೋವು ಎಂದಷ್ಟೇ ಅರ್ಥವಿರುವ ‘ಆಲ್ಜಿಯ’ ಅಂಟಿಸಿ ಫೈಬ್ರೊಮಯಾಲ್ಜಿಯ ಎಂದರು.

ಎಣಿಕೆಗೆ ನಿಯಮ ಬಂದದ್ದು 1990ರಲ್ಲಿ. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯ ಪ್ರಕಾರ ಸೊಂಟದ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮೂರು ತಿಂಗಳ ನೋವಿರಬೇಕು. ಜೊತೆಗೆ ಕತ್ತು, ಭುಜ, ಮೊಣಕೈ, ಪೃಷ್ಠ, ಮಂಡಿ ಮುಂತಾದೆಡೆ ಗುರುತಿಸಿದ 18 ಬಿಂದುಗಳನ್ನು ಸುಮಾರು 4 ಕೆಜಿ ಒತ್ತಡದಲ್ಲಿ, ಅಂದರೆ ಒತ್ತುವ ವೈದ್ಯರ ಹೆಬ್ಬೆರಳಿನ ಉಗುರು ಬಿಳಿಚುವಷ್ಟು, ಒತ್ತಿದಾಗ 11 ಕಡೆಯಾದರೂ ನೋಯಬೇಕು. ಇದೇ ಅಳತೆಯಲ್ಲಿ ಕಾನ್ಸಾಸ್‌ನ ವಿಚಿಟಾ ನಗರದಲ್ಲಿ ನಡೆದ ಸಮೀಕ್ಷೆ 1995ರಲ್ಲಿ ಪ್ರಕಟವಾಯಿತು: ಒಟ್ಟು ಶೇ. 2, ಹೆಂಗಸರಲ್ಲಿ ಶೇ. 3.4, ಗಂಡಸರಲ್ಲಿ ಬರೀ ಶೇ. 0.5. ವಯಸ್ಸಾದಂತೆ ಪ್ರಮಾಣ ಏರಿ, 60 ದಾಟಿದ ಹೆಂಗಸರಲ್ಲಿ ಶೇ. 7ನ್ನೂ ಮೀರಿತ್ತು.

ಎಡವಟ್ಟು ಇರುವುದು ಒತ್ತುವುದರಲ್ಲೇ. ಒತ್ತಡದ ನೋವು ಹೆಂಗಸರಿಗೆ ಸರಾಸರಿ ಬೇಗ ತಟ್ಟುತ್ತದೆ. ಮೈಯೆಲ್ಲ ನೋಯುತ್ತಿದ್ದರೂ 8 ಬಿಂದು ಮಾತ್ರ ನೊಂದ ಗಂಡಸು ಲೆಕ್ಕದಿಂದ ಹೊರಗೆ. ಸಾಲದ್ದಕ್ಕೆ ಎಲ್ಲ ವೈದ್ಯರ ಕೈಯೂ ಒಂದೇ ತೂಕದ್ದಲ್ಲ. ಎಷ್ಟೋ ಮಂದಿ ಒತ್ತಿ ನೋಡುತ್ತಲೇ ಇರಲಿಲ್ಲ.

2010ರಲ್ಲಿ ಹೆಬ್ಬೆರಳನ್ನು ಕೈಬಿಟ್ಟರು. ದೇಹದ 19 ಭಾಗಗಳಲ್ಲಿ ಎಷ್ಟು ಕಡೆ ನೋವು ಎಂಬುದಕ್ಕೊಂದು ಅಂಕ. ಸುಸ್ತು, ನಿದ್ದೆಯಾದರೂ ಆರದ ದಣಿವು, ಮರೆವು ಇತ್ಯಾದಿಗಳಿಗೆ 12ರವರೆಗೆ ಇನ್ನೊಂದು. ನೋವಿಗೆ 7, ಉಳಿದದ್ದಕ್ಕೆ 5 ಬಂದರೆ ಸಾಕು. ನೋವಿನ ಜಾಗ ಕಡಿಮೆಯಿದ್ದರೆ ಎರಡನೆಯ ಅಂಕ 9 ಆಗಬೇಕು.

ಅಳತೆ ಬದಲಾದದ್ದೇ ತಡ, ರೋಗಿಯ ಚಹರೆಯೂ ಬದಲಾಯಿತು. ಈಶಾನ್ಯ ಸ್ಕಾಟ್ಲೆಂಡ್‌ನ ಅಧ್ಯಯನವೊಂದು ಎರಡೂ ಅಳತೆಗಳನ್ನು ಒಂದೇ ಜನಸಮುದಾಯಕ್ಕೆ ಹಿಡಿದು ನೋಡಿತು. ಹಳೆಯದರಲ್ಲಿ ಶೇ. 1.7, ಒಬ್ಬ ಗಂಡಸಿಗೆ ಸುಮಾರು 14 ಹೆಂಗಸರು. ಪ್ರಶ್ನಾವಳಿ ರೂಪದ ಹೊಸದರಲ್ಲಿ ಶೇ. 5.4, ಒಬ್ಬನಿಗೆ ಇಬ್ಬರು ಚಿಲ್ಲರೆ! ಪ್ರಶ್ನಾವಳಿಯ ಅಂಕವೇ ರೋಗನಿರ್ಣಯವಲ್ಲ ಎಂಬುದೂ ನೆನಪಿರಲಿ; ಥೈರಾಯ್ಡ್ ಕೊರತೆಯೂ ಮೈಕೈ ನೋವು, ಸುಸ್ತು ತರುತ್ತದೆ.

ಅಮೆರಿಕದ ಮಿನ್ನೆಸೋಟಾ ರಾಜ್ಯದ ಓಮ್‌ಸ್ಟೆಡ್ ಕೌಂಟಿಯಲ್ಲಿ ವೈದ್ಯಕೀಯ ದಾಖಲೆ ತೆಗೆದರೆ ಸಿಕ್ಕಿದ್ದು ಶೇ. 1.1, ಜನರನ್ನೇ ಕೇಳಿದರೆ ಶೇ. 6.4. ಈ ಅಂತರ ಅತಿ ಹೆಚ್ಚಿದ್ದದ್ದು ಗಂಡಸರಲ್ಲಿ.