ನಾಲ್ಕು ಗಂಟೆಯ ಗ್ರಹಣ, ಇಪ್ಪತ್ತೇಳು ದಿನದ ಹೆದರಿಕೆ

ಭೂಮಿಯ ದಟ್ಟ ನೆರಳನ್ನು ಹೊಕ್ಕು ಹೊರಬರಲು ಚಂದ್ರನಿಗೆ ಹೆಚ್ಚೆಂದರೆ ನಾಲ್ಕು ಗಂಟೆ ಸಾಕು. ಕ್ರಿ.ಪೂ. 413ರ ಆಗಸ್ಟ್ 27ರ ರಾತ್ರಿ ಸಿಸಿಲಿ ದ್ವೀಪದ ಸಿರಾಕ್ಯೂಸಿನಲ್ಲಿ ಅಂಥದೊಂದು ಪೂರ್ಣ ಗ್ರಹಣ ಹಿಡಿಯಿತು. ಆ ಊರನ್ನು ಗೆಲ್ಲಲು ಬಂದು ಸೋತಿದ್ದ ಅಥೆನ್ಸಿನ ಸೇನೆ ಅಲ್ಲಿಂದ ಗುಟ್ಟಾಗಿ ಹಡಗೇರಿ ಹೊರಡಲು ಎಲ್ಲ ತಯಾರಿ ಮಾಡಿಕೊಂಡಿತ್ತು. ಸೇನಾಪತಿ ನಿಕಿಯಾಸ್ ಮಾತ್ರ, ಇನ್ನು ಇಪ್ಪತ್ತೇಳು ದಿನ ಹೊರಡುವ ಮಾತೇ ಎತ್ತಬೇಡಿ ಎಂದುಬಿಟ್ಟ. ಮೂರು ಸಲ ಒಂಬತ್ತು ದಿನ, ಇದು ಜೋಯಿಸರು ಕೊಟ್ಟ ಲೆಕ್ಕ.

ಗ್ರೀಕರೆಂದರೆ ತರ್ಕ, ಗಣಿತ, ಪ್ರಜಾಪ್ರಭುತ್ವ; ಮೂಢನಂಬಿಕೆಯೆಲ್ಲ ಪೂರ್ವ ದೇಶದವರ ಸ್ವತ್ತು ಎಂದು ಉರು ಹೊಡೆದವರು ಈ ಪ್ರಸಂಗವನ್ನೊಮ್ಮೆ ಓದಬೇಕು. ಹಾಗೆಂದು, ಪಾಪ, ಆ ಕಾಲದವರಿಗೆ ಗ್ರಹಣ ಯಾಕಾಗುತ್ತದೆಂದು ಗೊತ್ತಿರಲಿಲ್ಲ ಬಿಡಿ ಎನ್ನುವವರ ಮಾತೂ ಸರಿಯಲ್ಲ. ಗೊತ್ತಿತ್ತು. ಅದೇ ಅಥೆನ್ಸಿನಲ್ಲೇ, ಒಂದು ತಲೆಮಾರಿನ ಹಿಂದೆಯೇ ಗೊತ್ತಿತ್ತು. ನನ್ನ ತಕರಾರು ಇರುವುದೇ ಇಲ್ಲಿ.

ಏಷ್ಯಾ ಮೈನರಿನ, ಅಂದರೆ ಇಂದಿನ ಟರ್ಕಿಯ, ಕ್ಲಾಝೊಮೆನೆಯಿಂದ ಅಥೆನ್ಸಿಗೆ ಬಂದು ನೆಲೆಸಿದ್ದ ಅನಾಕ್ಸಾಗೊರಸ್ ಎಂಬಾತ, ಚಂದ್ರನ ಬೆಳಕು ಅವನ ಸ್ವಂತದ್ದಲ್ಲ, ಸೂರ್ಯನಿಂದ ಪಡೆದದ್ದು ಎಂದಿದ್ದ. ಸೂರ್ಯ ದೇವರಲ್ಲ, ಪೆಲೊಪೊನೀಸ್ ಪ್ರಾಂತ್ಯಕ್ಕಿಂತ ದೊಡ್ಡದಾದ ಕೆಂಡದಂಥ ಮುದ್ದೆ ಎಂದೂ ಹೇಳಿದ್ದ. ಗ್ರಹಣದ ಕಾರಣವನ್ನು ಬಿಡಿಸಿ ಬರೆದಿಟ್ಟ ಮೊದಲಿಗ ಅವನೇ ಎನ್ನುತ್ತಾನೆ ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್. ಇದಕ್ಕೆ ಸಿಕ್ಕ ಬಹುಮಾನವೇನು? ಆಕಾಶದ ಸಂಗತಿಗಳನ್ನು ಬೋಧಿಸುವವರ ಮೇಲೆ ಮೊಕದ್ದಮೆ ಹೂಡಬಹುದೆಂಬ ಠರಾವನ್ನು ಡಿಯೋಪೀಥೀಸ್ ಎಂಬ ಕಣಿ ಹೇಳುವವನು ತಂದ. ಅನಾಕ್ಸಾಗೊರಸ್ ಸೆರೆಯಾದ, ಸ್ನೇಹಿತನೂ ಅಥೆನ್ಸಿನ ನಾಯಕನೂ ಆದ ಪೆರಿಕ್ಲಿಸ್ ಹೇಗೋ ಉಳಿಸಿಕೊಂಡ. ಕೊನೆಗಾಲವನ್ನು ಅವನು ಕಳೆದದ್ದು ಅಥೆನ್ಸಿನಿಂದ ದೂರ, ಲ್ಯಾಂಪ್ಸಾಕಸ್‌ನಲ್ಲಿ. ಅವನ ವಿವರಣೆ ಆಮೇಲೆ ಕೆಲವೇ ಜನರ ನಡುವೆ ಕದ್ದುಮುಚ್ಚಿ ಓಡಾಡಿತು.

ಪ್ಲುಟಾರ್ಕ್ ಇನ್ನೊಂದು ಸೂಕ್ಷ್ಮ ಹೇಳುತ್ತಾನೆ. ಅಮಾವಾಸ್ಯೆಯ ಹೊತ್ತಿಗೆ ಸೂರ್ಯ ಮರೆಯಾದರೆ ಅದು ಚಂದ್ರ ಅಡ್ಡ ಬಂದದ್ದರಿಂದ ಎಂಬುದು ಜನಸಾಮಾನ್ಯರಿಗೂ ಆಗಲೇ ಸುಮಾರಾಗಿ ತಿಳಿದಿತ್ತು. ಅಥೆನ್ಸಿಗೂ ಸ್ಪಾರ್ಟಾಕ್ಕೂ ಯುದ್ಧ ಶುರುವಾದ ಕ್ರಿ.ಪೂ. 431ರ ಸೂರ್ಯಗ್ರಹಣವನ್ನು ದಾಖಲಿಸುವಾಗ ಇತಿಹಾಸಕಾರ ಥ್ಯುಸಿಡಿಡೀಸ್ ಕೂಡ, ಆಗಿದ್ದು ಅಮಾವಾಸ್ಯೆಯಂದು, ಬೇರೆ ದಿನ ಆಗುವುದು ಸಾಧ್ಯವೂ ಇಲ್ಲವೇನೋ ಎಂದು ತಣ್ಣಗೆ ಬರೆದು ಮುಂದೆ ಹೋಗುತ್ತಾನೆ. ಆದರೆ ತುಂಬು ಹುಣ್ಣಿಮೆಯ ಚಂದ್ರನಿಗೆ ಅಡ್ಡ ಬರುವುದು ಯಾವುದು? ಕಣ್ಣಿಗೆ ಏನೂ ಕಾಣದು.

ಕಾಣದಿರುವುದಕ್ಕೆ ಕಾರಣ, ಅಡ್ಡ ಬಂದದ್ದರ ಮೇಲೆಯೇ ನಾವು ನಿಂತಿದ್ದೇವೆ! ಭೂಮಿಯ ನೆರಳು ಸೂರ್ಯನ ವಿರುದ್ಧ ದಿಕ್ಕಿಗೆ ಸುಮಾರು 14 ಲಕ್ಷ ಕಿಲೋಮೀಟರ್ ಚಾಚಿಕೊಂಡು ಚೂಪಾಗುತ್ತ ಹೋಗುತ್ತದೆ. ಖಾಲಿ ಆಕಾಶದಲ್ಲಿ ನೆರಳು ಬೀಳಲು ಏನೂ ಇಲ್ಲವಾದ್ದರಿಂದ ಅದು ಇದೆಯೆಂಬುದೇ ತಿಳಿಯದು. ಸುಮಾರು 3 ಲಕ್ಷ 84 ಸಾವಿರ ಕಿಲೋಮೀಟರ್ ದೂರದಲ್ಲಿ ಚಂದ್ರ ಅದಕ್ಕೆ ಸಿಕ್ಕಾಗಲೇ ನೆರಳಿನ ಅಂಚು ಕಾಣುವುದು. ಅಲ್ಲಿ ಆ ನೆರಳಿನ ಅಗಲ ಚಂದ್ರನ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಚಂದ್ರ ಗಂಟೆಗೆ ತನ್ನದೇ ಅಗಲದಷ್ಟು ಸರಿಯುತ್ತಾನೆ. ಅಂಚು ತಾಗಿದಾಗಿನಿಂದ ಪೂರ್ತಿ ಹೊರಬರುವವರೆಗೆ ಅವನು ನೆರಳಿನ ಅಗಲದ ಜೊತೆಗೆ ತನ್ನ ಅಗಲವನ್ನೂ ದಾಟಬೇಕು. ಲೆಕ್ಕ ಹಾಕಿ ನೋಡಿ, ಹೆಚ್ಚುಕಡಿಮೆ ನಾಲ್ಕು ಗಂಟೆ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಹಾಗಿದ್ದರೆ ಪ್ರತಿ ಹುಣ್ಣಿಮೆಗೂ ಯಾಕಿಲ್ಲ? ಒಂದರೊಳಗೊಂದು ಎರಡು ಬಳೆ ಇಟ್ಟು, ಒಳಗಿನದನ್ನು ಸ್ವಲ್ಪ ಓರೆ ಮಾಡಿ. ಒಂದೇ ಮಟ್ಟಕ್ಕೆ ಬರುವುದು ಎದುರುಬದುರಿನ ಎರಡೇ ಜಾಗಗಳಲ್ಲಿ. ಚಂದ್ರನ ಹಾದಿಯೂ ಹೀಗೆಯೇ, ಆಕಾಶದಲ್ಲಿ ಸೂರ್ಯನ ಹಾದಿಗೆ ಸುಮಾರು 5 ಡಿಗ್ರಿ ಓರೆ. ಐದೇ ಡಿಗ್ರಿ ತಾನೆ ಎನ್ನಬೇಡಿ. ಹತ್ತು ಚಂದ್ರರನ್ನು ಒಂದರ ಮೇಲೊಂದು ಜೋಡಿಸಿದಷ್ಟು ಎತ್ತರ ಅದು. ಆದ್ದರಿಂದ ಹೆಚ್ಚಿನ ಹುಣ್ಣಿಮೆಗಳಲ್ಲಿ ಚಂದ್ರ ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ನುಸುಳಿ ಹೋಗುತ್ತಾನೆ. ಆ ಎರಡು ಜಾಗಗಳೇ ನಮ್ಮ ಪಂಚಾಂಗದ ಗಣಿತದ ರಾಹು, ಕೇತು. ಹುಣ್ಣಿಮೆ ಅವುಗಳ ಹತ್ತಿರ ಬಿದ್ದಾಗ ಮಾತ್ರ ಗ್ರಹಣ. ಸೂರ್ಯ, ಚಂದ್ರ ಮತ್ತು ಈ ಜಾಗಗಳು ಹೆಚ್ಚುಕಡಿಮೆ ಮೊದಲಿನ ಜೋಡಣೆಗೆ ಮರಳುವುದು 223 ಚಾಂದ್ರಮಾನ ತಿಂಗಳಿಗೆ, ಅಂದರೆ 18 ವರ್ಷ 11 ದಿನಕ್ಕೆ. ಬ್ಯಾಬಿಲೋನಿನವರು ಈ ಆವರ್ತವನ್ನು ಹಿಡಿದಿದ್ದರು. ಹಿಡಿಯಲು ಬೇಕಾದದ್ದು ದೂರದರ್ಶಕವಲ್ಲ, ತಲೆಮಾರುಗಟ್ಟಲೆ ಬರೆದಿಟ್ಟ ದಾಖಲೆ.

ಅಥೆನ್ಸಿನಲ್ಲೂ ಲೆಕ್ಕ ಬಲ್ಲವರಿದ್ದರು. ಮೆಟಾನ್ ಎಂಬ ಖಗೋಳಜ್ಞ ಕ್ರಿ.ಪೂ. 432ರಲ್ಲೇ 19 ವರ್ಷಕ್ಕೆ 235 ಚಾಂದ್ರಮಾನ ತಿಂಗಳು ಎಂದು ಸೂರ್ಯ ಚಂದ್ರರ ತಾಳೆ ಹೊಂದಿಸಿದ್ದ. ಈ ಸಿಸಿಲಿ ದಂಡಯಾತ್ರೆಗೆ ಅವನನ್ನೂ ನೇಮಿಸಿದ್ದರಂತೆ. ಅವನು ಹುಚ್ಚು ಹಿಡಿದವನಂತೆ ನಟಿಸಿ ತನ್ನ ಮನೆಗೇ ಬೆಂಕಿ ಇಟ್ಟುಕೊಂಡು ತಪ್ಪಿಸಿಕೊಂಡ ಎಂಬ ಕಥೆಯಿದೆ. ಹಡಗಿನಲ್ಲಿ ಇರಬೇಕಾಗಿದ್ದವನು ಊರಲ್ಲಿ ಉಳಿದ.

ಇನ್ನು ನಿಕಿಯಾಸ್. ಬೆಳ್ಳಿಗಣಿಗಳಿಗೆ ಸಾವಿರ ಗುಲಾಮರನ್ನು ಬಾಡಿಗೆಗೆ ಬಿಟ್ಟಿದ್ದ ಕುಳ ಇವನು. ಮನೆಯಲ್ಲೇ ಒಬ್ಬ ಜೋಯಿಸನನ್ನು ಸಾಕಿಕೊಂಡಿದ್ದ. ಕೇಳುವುದು ರಾಜ್ಯದ ವಿಚಾರ ಎಂದು ತೋರಿಸಿಕೊಂಡರೂ ಹೆಚ್ಚಾಗಿ ಕೇಳುತ್ತಿದ್ದದ್ದು ಗಣಿಯ ಲಾಭನಷ್ಟ! ಸಿಸಿಲಿಯಲ್ಲಿ ಅವನಿಗೆ ಮೂತ್ರಪಿಂಡದ ಕಾಯಿಲೆ ಬೇರೆ. ಅವನ ಅತಿ ಭಯವನ್ನು ಹತೋಟಿಯಲ್ಲಿಡುತ್ತಿದ್ದ ಸ್ಟಿಲ್ಬಿಡೀಸ್ ಎಂಬ ಜೋಯಿಸ ಸ್ವಲ್ಪ ಮುಂಚೆ ತೀರಿಕೊಂಡಿದ್ದ. ಇಲ್ಲಿ ನಗು ಬರುವ ವಿಷಯವಿದೆ: ಶಕುನಶಾಸ್ತ್ರದ ಪ್ರಕಾರವೂ ನಿಕಿಯಾಸ್ ತಪ್ಪು. ಕದ್ದು ಓಡುವವರಿಗೆ ಕತ್ತಲೆ ಒಳ್ಳೆಯದೇ, ಅದು ಶುಭಶಕುನ ಎಂದು ಅಥೆನ್ಸಿನ ಇತಿಹಾಸಕಾರ ಫಿಲೊಕೊರಸ್ ಆಮೇಲೆ ಬರೆದ. ಸಾಮಾನ್ಯವಾಗಿ ಮೂರು ದಿನ ಕಾದರೆ ಸಾಕಿತ್ತಂತೆ. ಆದರೆ ತಪ್ಪೆಲ್ಲ ನಿಕಿಯಾಸನ ತಲೆಗೆ ಕಟ್ಟುವುದು ಬೇಡ. ನಿಲ್ಲೋಣ ಎಂದು ಹಟ ಹಿಡಿದವರಲ್ಲಿ ಸೈನಿಕರೇ ಹೆಚ್ಚು ಎಂದು ಥ್ಯುಸಿಡಿಡೀಸ್ ಸ್ಪಷ್ಟವಾಗಿ ಹೇಳಿದ್ದಾನೆ.

ಸೇನೆ ಕಾಯುತ್ತ ಕೂತಿದ್ದಾಗ ಶತ್ರುಗಳು ಬಂದರಿನ ಬಾಯಿಗೆ ಹಡಗುಗಳನ್ನು ಅಡ್ಡ ನಿಲ್ಲಿಸಿ ಮುಚ್ಚಿಬಿಟ್ಟರು. ನೌಕಾಯುದ್ಧದಲ್ಲಿ ಸೋತ ಸೇನೆ ನೆಲದ ದಾರಿ ಹಿಡಿಯಿತು. ಅಸಿನಾರಸ್ ನದಿಯಲ್ಲಿ ಬಾಯಾರಿದವರು ಬಾಣಗಳ ನಡುವೆಯೇ ಕೆಸರು, ರಕ್ತ ಬೆರೆತ ನೀರಿಗೆ ಮುಗಿಬಿದ್ದು ಕುಡಿದರು. ನಿಕಿಯಾಸನನ್ನೂ ಜೊತೆ ಸೇನಾಪತಿ ಡೆಮಾಸ್ತನೀಸನನ್ನೂ ಕೊಂದರು. ಏಳು ಸಾವಿರಕ್ಕೂ ಹೆಚ್ಚು ಜನರನ್ನು ಕಲ್ಲುಗಣಿಗಳಿಗೆ ತಳ್ಳಿದರು. ತಲೆಗೆ ದಿನಕ್ಕೆ ಸುಮಾರು ಕಾಲು ಲೀಟರ್ ನೀರು, ಅದರ ಎರಡರಷ್ಟು ಅಳತೆಯ ಕಾಳು, ಎಂಟು ತಿಂಗಳು. ಮೇಲೆ ಸೂರು ಇಲ್ಲ, ಹೆಣಗಳೂ ಅಲ್ಲೇ.

ಬದುಕಿ ಊರಿಗೆ ಮರಳಿದ ಕೆಲವರು ನಾಟಕಕಾರ ಯೂರಿಪಿಡಿಸ್‌ನ ಮನೆಗೆ ಹೋಗಿ ಕೈಮುಗಿದರಂತೆ. ಅವನ ಪದ್ಯಗಳೆಂದರೆ ಸಿಸಿಲಿಯವರಿಗೆ ಪ್ರಾಣ. ಬಾಯಿಪಾಠ ಇದ್ದಷ್ಟನ್ನು ಒಪ್ಪಿಸಿದವರಿಗೆ ಅನ್ನ ಸಿಕ್ಕಿತು, ಕೆಲವು ಗುಲಾಮರಿಗೆ ಬಿಡುಗಡೆಯೂ ಆಯಿತು. ಪ್ಲುಟಾರ್ಕ್ ಇದನ್ನು ಬರೆದದ್ದು ಐನೂರು ವರ್ಷದ ನಂತರ, ಹಾಗಾಗಿ ಸ್ವಲ್ಪ ಉಪ್ಪುಖಾರ ಬಿದ್ದಿರಬಹುದು. ಆದರೂ ನೋಡಿ, ಕೊಲ್ಲುವವರೂ ಸಾಯುವವರೂ ಮೆಚ್ಚಿದ್ದು ಒಂದೇ ನಾಟಕ, ಬೆದರಿದ್ದು ಒಂದೇ ಬಗೆಯ ಶಕುನಗಳಿಗೆ. ಗಡಿ ದಾಟಿ ನಾಟಕ ಬಂತು. ಗ್ರಹಣದ ವಿವರಣೆ ತನ್ನ ಊರಿನ ಸೇನಾಪತಿಯನ್ನೂ ತಲುಪಲಿಲ್ಲ.

ಐವತ್ತಾರು ವರ್ಷದ ನಂತರ, ಕ್ರಿ.ಪೂ. 357ರ ಆಗಸ್ಟಿನಲ್ಲಿ, ಇದೇ ಸಿರಾಕ್ಯೂಸಿನ ಸರ್ವಾಧಿಕಾರಿಯನ್ನು ಕೆಳಗಿಳಿಸಲು ಅಲ್ಲಿಂದ ಗಡೀಪಾರಾಗಿದ್ದ ಡಿಯೋನ್ ಎಂಟುನೂರಕ್ಕೂ ಕಡಿಮೆ ಜನರೊಂದಿಗೆ ಹೊರಟಿದ್ದಾಗ ಮತ್ತೆ ಚಂದ್ರಗ್ರಹಣ. ಪ್ಲೇಟೋನ ಶಿಷ್ಯನಾದ ಡಿಯೋನನಿಗೆ ನೆರಳಿನ ವಿಚಾರ ಗೊತ್ತಿತ್ತು, ಅವನು ಅಲುಗಲಿಲ್ಲ. ಸೈನಿಕರು ಗಾಬರಿಯಾದರು. ಆಗ ಎದ್ದು ನಿಂತು ಧೈರ್ಯ ಹೇಳಿದವನು ಮಿಲ್ಟಾಸ್ ಎಂಬ ಜೋಯಿಸ: ಹೊಳೆಯುವುದೊಂದು ಕಪ್ಪಾಗಲಿದೆ, ಸಿರಾಕ್ಯೂಸಿನ ಸರ್ವಾಧಿಕಾರಕ್ಕಿಂತ ಹೊಳೆಯುವುದು ಇನ್ನೇನಿದೆ? ಹಡಗು ಹೊರಟಿತು, ಡಿಯೋನ್ ಊರು ಹೊಕ್ಕ. ಆದರೆ ಗ್ರಹಣ ಯಾಕಾಯಿತೆಂದು ಸೈನಿಕರಿಗೆ ಬಿಡಿಸಿ ಹೇಳಿದ ಸುದ್ದಿ ಪ್ಲುಟಾರ್ಕನಲ್ಲಿ ಈ ಸಲವೂ ಇಲ್ಲ.